ಕೊನೆಯ ಹಳ್ಳ

ಪ್ರೊಫೆಸರ್ ಮಂಡಿಯೂರಿ, ಕುರ್ಚಿಯ ಹಿಂದೆ ಕೈ ತೂರಿಸಿ, ಗೋಡೆಯ ಮೇಲೆ ಪ್ಲಗ್ ಪಾಯಿಂಟ್ ತಡಕುತ್ತಿದ್ದರು. ಮುಂದಿನ ಕೋಣೆಯಲ್ಲಿ ಇದ್ದದ್ದು ಒಂದೇ. ಅದಕ್ಕೆ ಶವದ ಶೀತಪೆಟ್ಟಿಗೆಯ ವೈರು ಸಿಕ್ಕಿಸಿಯಾಗಿತ್ತು. ಅವರ ಇನ್ನೊಂದು ಕೈಯಲ್ಲಿ ಪುಟ್ಟ ಸ್ಪೀಕರು. ಅದರ ವೈರು ನೆಲಕ್ಕೆ ತಾಗುತ್ತಿತ್ತು.

"ಅದನ್ನ ಮಾತ್ರ ಕೀಳಬೇಡಿ ಸಾರ್," ಎಂದರು ಬಾಗಿಲ ಬಳಿ ನಿಂತಿದ್ದ ಮಾವ. "ನಮ್ಮಕ್ಕನಿಗೆ ಬದುಕಿದ್ದಾಗ್ಲೇ ಸೆಕೆ ತಡ್ಯೋಕೆ ಆಗ್ತಿರ್ಲಿಲ್ಲ."

ನಗಬೇಕೋ ಬೇಡವೋ ಎಂದು ಪ್ರೊಫೆಸರಿಗೆ ತಿಳಿಯಲಿಲ್ಲ. ತೀರಿಕೊಂಡವಳ ಮಗಳು ಅಡುಗೆಮನೆಗೆ ಹೋಗಿ, ಮಿಕ್ಸಿಗೆ ಹಾಕುತ್ತಿದ್ದ ಎಕ್ಸ್‌ಟೆನ್ಶನ್ ಬೋರ್ಡನ್ನು ಬಿಚ್ಚಿ ತಂದುಕೊಟ್ಟಳು. ಈಗ ಒಂದೇ ಬೋರ್ಡಿನಲ್ಲಿ ಪೆಟ್ಟಿಗೆಯೂ ಸ್ಪೀಕರೂ ಅಕ್ಕಪಕ್ಕ ಕೂತವು. ಸ್ಪೀಕರಿನ ಹಸಿರು ದೀಪ ಹೊತ್ತಿಕೊಂಡಿತು.

ಪೆಟ್ಟಿಗೆಯೊಳಗೆ ಮಲಗಿದ್ದವಳನ್ನು ಮನೆಯವರೂ ಕಚೇರಿಯವರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ಗುಡ್ಡದ ಮೇಲಿನಿಂದ ಬಂದದ್ದು. ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ, ಬಹಳ ದಿನದಿಂದ ಕೈಕೊಟ್ಟಿದ್ದ ಮೂತ್ರಪಿಂಡಗಳು ಪೂರ್ತಿ ನಿಂತು, ತೀರಿಕೊಂಡಿದ್ದಳು. ವಯಸ್ಸು ಎಪ್ಪತ್ತು ದಾಟಿತ್ತು. ಓದಿದ್ದು ಮಾನವಶಾಸ್ತ್ರ. ನಿವೃತ್ತಿಯವರೆಗೂ ಜಲಮಂಡಳಿಯ ಪುನರ್ವಸತಿ ವಿಭಾಗದಲ್ಲಿ ಕೆಲಸ. ಎಲ್ಲಿ ಜಲಾಶಯ, ರಸ್ತೆ, ವಿದ್ಯುತ್ ತಂತಿ ಬರಬೇಕೋ ಅಲ್ಲಿನ ಗುಡ್ಡದ ಜನರ ನಡುವೆ ಮೊದಲು ಹೋಗಿ ಇದ್ದು, ಅವರು ಏನೇನು ಕಳೆದುಕೊಳ್ಳುತ್ತಾರೆ ಎಂದು ಕಚೇರಿಗೆ ತಿಳಿಸುವುದು ಅವಳ ಹೊಣೆ. "ಅಣೆಕಟ್ಟು ನಾವು ಕಟ್ತೀವಿ, ಕಣ್ಣೀರು ಮೇಡಂ ಅಳೀತಾರೆ" ಎಂದು ಇಂಜಿನಿಯರುಗಳು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು, ಬರೆಯುವುದನ್ನು ಬರೆಯುತ್ತಿದ್ದಳು.

ಪೂಜೆ, ಮಂತ್ರ ಯಾವುದೂ ಬೇಡ ಎಂದು ಮೊದಲೇ ಹೇಳಿದ್ದಳು. ಸುಟ್ಟುಬಿಡಿ, ಗುಡ್ಡಕ್ಕೆ ಒಂದು ಮಾತು ತಿಳಿಸಿ, ಅಷ್ಟೇ ಸಾಕು ಎಂದಿದ್ದಳು. ಗುಡ್ಡಕ್ಕೆ ಫೋನು ಹೋಗಿತ್ತು. ಬರುತ್ತೇವೆ ಎಂದು ಆ ಕಡೆಯಿಂದ ಯಾರೂ ಹೇಳಿರಲಿಲ್ಲ. ಬರುವುದಿಲ್ಲ ಎಂದೂ ಹೇಳಿರಲಿಲ್ಲ.

ಪೇಟೆಯಲ್ಲಿ ಕನ್ನಡಕದ ಅಂಗಡಿ ನಡೆಸುವ ಮಗಳಿಗೆ ರಾತ್ರಿಯಿಡೀ ಕೊರೆದದ್ದು ಒಂದೇ ಮಾತು. ಒಂದು ಇಡೀ ಜನಾಂಗದ ಸಾವಿನ ಹಾಡುಗಳನ್ನು ಕೇಳಿ, ಬರೆದು, ಕಾಪಾಡಿದ ಅಮ್ಮ ಒಂದು ದನಿಯೂ ಇಲ್ಲದೆ, ಬರಿಯ ಪೆಟ್ಟಿಗೆಯ ಮೋಟರಿನ ಗುಂಯ್ ಸದ್ದಿನಲ್ಲಿ ಹೊರಟುಹೋಗುವುದು ಹೇಗೆ? ಹಾಗಾಗಿ, ಅಮ್ಮನ ಸಹಪಾಠಿಯಾಗಿದ್ದ ಪ್ರೊಫೆಸರ್ ಫೋನು ಮಾಡಿ, ಗುಡ್ಡದ ಹಾಡಿನ ಹಳೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಿ ಶುದ್ಧ ಮಾಡಿಟ್ಟಿದ್ದೇನೆ, ವ್ಯಾನು ಬರುವ ಮೊದಲು ಕೇಳಿಸೋಣವೇ ಎಂದಾಗ ತಕ್ಷಣ ಒಪ್ಪಿಕೊಂಡಿದ್ದಳು.

ಆ ಹಾಡು ಅವಳಿಗೆ ಜೋಗುಳವಾಗಿತ್ತು. ಅಪ್ಪ ಬೇಗ ತೀರಿಕೊಂಡ ಮನೆ. ಅಮ್ಮ ಊಟದ ಮೇಜಿನ ಮೇಲೆ ಟೇಪನ್ನು ಹಿಂದೆ ಮುಂದೆ ಓಡಿಸುತ್ತ ಬರೆದುಕೊಳ್ಳುವಾಗ ಮಗು ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋಗುತ್ತಿತ್ತು. ಅರ್ಥವಾಗದ ಭಾಷೆ. ಒಬ್ಬ ಹೆಂಗಸಿನ ಒರಟು ದನಿ ಹತ್ತುತ್ತ ಇಳಿಯುತ್ತ ಹೋಗಿ ಒಂದೆಡೆ ನಿಲ್ಲುತ್ತಿತ್ತು. ಆಮೇಲೆ ಕಟ್ಟಿಗೆ ಸಿಡಿಯುವ ಸದ್ದು, ದೂರದಲ್ಲಿ ನಾಯಿ, "ಮುಗೀತಾ?" ಎಂಬಂಥ ಅಮ್ಮನ ಎಳೆಯ ದನಿ, ಹಾಡಿದವಳ ಒಂದು ಸಣ್ಣ ನಗು. ಆ ನಗು ಕೇಳಿದ ಮೇಲೆಯೇ ಮಗುವಿಗೆ ನಿದ್ದೆ.

* * *

ಟೇಪಕ್ಕ ಗುಡ್ಡ ಹತ್ತಿದಾಗ ಇನ್ನೂ ಸಂಶೋಧನೆಯ ವಿದ್ಯಾರ್ಥಿನಿ. ಹೆಗಲಿಗೆ ಇಟ್ಟಿಗೆಯಷ್ಟು ಭಾರದ ಟೇಪ್ ರೆಕಾರ್ಡರು, ಚೀಲದಲ್ಲಿ ಬ್ಯಾಟರಿಗಳು. ಊರಿಗೆಲ್ಲ ದೊಡ್ಡವ್ವ ಎನಿಸಿಕೊಂಡಿದ್ದ ಹೆಂಗಸು ತನ್ನ ಗುಡಿಸಲಿನಲ್ಲಿ ಮಲಗಲು ಜಾಗ ಕೊಟ್ಟಳು. ಅನ್ನ ಸೀಯಿಸುವ, ಈಜು ಬಾರದ, ಎಲ್ಲದಕ್ಕೂ ಯಾಕೆ ಏನು ಎಂದು ಕೇಳುವ ಈ ಪೇಟೆ ಹುಡುಗಿ ಆ ಮನೆಗೆ ನಗುವ ಸರಕಾಯಿತು.

ಆ ಜನರಲ್ಲಿ ಸತ್ತವರಿಗೆ ಒಂದು ಹಾಡಿದೆ. ಒಬ್ಬರಿಗೆ ಒಂದು, ಅದೂ ಒಂದೇ ಸಲ. ಸತ್ತವರು ಹೇಗೆ ಬದುಕಿದರು, ಯಾರೊಂದಿಗೆ ಜಗಳವಾಡಿದರು, ಯಾವ ಮರದ ಕೆಳಗೆ ಕೂರುತ್ತಿದ್ದರು ಎಂದು ಹೇಳಿ, ಆಮೇಲೆ ಹಾದಿ ತೋರಿಸುವ ಹಾಡು. ಈ ಹಳ್ಳ ದಾಟು, ಆ ಓರೆ ಬಂಡೆಯ ಎಡಕ್ಕೆ ತಿರುಗು, ಮುಂದಿನ ಹಳ್ಳದಲ್ಲಿ ಕಾಲು ಜಾರುತ್ತೆ, ಜೋಪಾನ. ಹೀಗೆ ಹಳ್ಳದಿಂದ ಹಳ್ಳಕ್ಕೆ, ಸತ್ತವರು ಸೇರುವ ಜಾಗದವರೆಗೆ.

ಹುಡುಗಿ ಅದನ್ನು ರೆಕಾರ್ಡು ಮಾಡಲು ಕಾದಳು. ಎರಡು ಮಳೆಗಾಲ ಕಳೆದರೂ ಊರಲ್ಲಿ ಯಾರೂ ಸಾಯಲಿಲ್ಲ. ಯಾರಾದರೂ ಸಾಯಲಿ ಎಂದು ಕಾಯುತ್ತಿದ್ದೇನೆಯೇ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ವಿದ್ಯಾರ್ಥಿವೇತನ ಮುಗಿಯುತ್ತ ಬಂತು. ಕೊನೆಗೆ ದೊಡ್ಡವ್ವನನ್ನೇ ಕೇಳಿದಳು, ಸುಮ್ಮನೆ ಒಂದು ಸಲ ಹಾಡಿ ತೋರಿಸು ಎಂದು.

"ಸುಮ್ಮನೆ ಹಾಡೋಕೆ ಬರಲ್ಲ," ಎಂದಳು ದೊಡ್ಡವ್ವ. "ಹಾಡಿದ ಮೇಲೆ ಯಾರೋ ಒಬ್ಬರು ನಡೀಬೇಕು. ಯಾರನ್ನ ಕಳಿಸ್ಲಿ?"

"ನನ್ನನ್ನೇ ಕಳಿಸು," ಎಂದಳು ಹುಡುಗಿ.

ಇದು ಒಳ್ಳೆಯ ಉಪಾಯ ಎಂದೇ ಅವಳು ತಿಳಿದಿದ್ದಳು. ಮುಂದೆ ಅವಳ ಮೇಷ್ಟ್ರು ಇದನ್ನು ತರಗತಿಯಲ್ಲಿ ಹೇಳಿ, ಕ್ಷೇತ್ರಕಾರ್ಯದಲ್ಲಿ ಸಮಯಸ್ಫೂರ್ತಿ ಎಂದರೆ ಹೀಗಿರಬೇಕು ಎಂದು ಹೊಗಳಿದರು. ಎದುರಿಗೆ ಕೂತು ಟಿಪ್ಪಣಿ ಮಾಡಿಕೊಂಡವರಲ್ಲಿ ಈಗಿನ ಪ್ರೊಫೆಸರೂ ಒಬ್ಬರು.

ದೊಡ್ಡವ್ವ ಬಹಳ ಹೊತ್ತು ಅವಳ ಮುಖ ನೋಡಿದಳಂತೆ. ಆಮೇಲೆ ಒಂದೇ ಮಾತು ಕೇಳಿದಳಂತೆ: "ನಿನ್ನ ತಾಯಿಗೆ ಗೊತ್ತಾ?"

ಹುಡುಗಿ ನಕ್ಕಳು. ಮರುದಿನ ಒಲೆಯ ಮುಂದೆ ಕೂತು ದೊಡ್ಡವ್ವ ಹಾಡಿದಳು. ಅನ್ನ ಸೀಯಿಸುವವಳೇ, ಪೆಟ್ಟಿಗೆ ಹೊತ್ತು ಬಂದವಳೇ, ಈಜು ಬಾರದವಳೇ, ಹಳ್ಳದಲ್ಲಿ ನನ್ನ ದನಿ ಹಿಡಿದುಕೊಂಡು ನಡಿ ಎಂದು.

ಅಂದಿನಿಂದ ಆ ಊರಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ಮಕ್ಕಳು ಟೇಪಕ್ಕ ಎಂದವು. ಸಲಿಗೆಯ ಅಡ್ಡಹೆಸರು ಸಿಕ್ಕಿತು ಎಂದು ಅವಳು ಊರಿಗೆ ಕಾಗದ ಬರೆದಳು.

* * *

ಬೀದಿಯ ಕೊನೆಯ ಬಸ್ ನಿಲ್ದಾಣದಿಂದ ಇಬ್ಬರು ನಡೆದು ಬಂದರು. ಮುಂದೆ ಎಪ್ಪತ್ತರ ಆಸುಪಾಸಿನ ಹೆಂಗಸು, ಹಿಂದೆ ಅವಳ ಮಗ. ಹೆಂಗಸು ದೊಡ್ಡವ್ವನ ಮಗಳು. ಈ ಮನೆಯವರು ಅವಳನ್ನು ಗುಡ್ಡದಾಕೆ ಎನ್ನುತ್ತಿದ್ದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಳಲಿಲ್ಲ. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು, ಗಾಜಿನ ಮೇಲೆ ಕಟ್ಟಿದ್ದ ಹನಿಯನ್ನು ಸೆರಗಿನಿಂದ ಒರೆಸಿ, ಒಳಗಿನ ಮುಖ ನೋಡುತ್ತ ಉಳಿದಳು.

ಮಾವನಿಗೆ ಮೌನ ಒಗ್ಗುವುದಿಲ್ಲ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಪಿಸುಮಾತೂ ಹಿಂದಿನ ಸೀಟಿಗೆ ಕೇಳಿಸುತ್ತದೆ. ಮಗ ಏನು ಮಾಡಿಕೊಂಡಿದ್ದಾನೆ ಎಂದು ವಿಚಾರಿಸಿದರು. ಜಲಾಶಯದಲ್ಲಿ ವಾಲ್ವ್ ತಿರುಗಿಸುವ ಕೆಲಸ, ಮಂಡಳಿಯದೇ, ಟೇಪಕ್ಕನೇ ಹೇಳಿ ಕೊಡಿಸಿದ್ದು ಎಂದು ಅವನು ಹೇಳಿದ.

"ಅಂದ್ರೆ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು ಬಿಡೋ ಮಹಾನುಭಾವ ನೀನೇ."

"ಬಿಡೋದು ನಾನು, ತಡೆಯೋದು ಮೇಲಿನವರು," ಎಂದ ಅವನು. ಮಾವನಿಗೆ ಹುಡುಗ ಹಿಡಿಸಿದ. ಅವನಿಗೆ ಆಗಲೇ ನಲವತ್ತು ದಾಟಿತ್ತು.

ಗುಡ್ಡದಾಕೆಯ ಕಣ್ಣು ಸ್ಪೀಕರಿನ ಹಸಿರು ದೀಪದ ಮೇಲೆ ಬಿತ್ತು. ಅದೇನು ಎಂದು ಕೇಳಿದಳು. ಪ್ರೊಫೆಸರ್ ಕುರ್ಚಿಯಿಂದೆದ್ದು ಅವಳ ಮುಂದೆ ಬಂದು, ಬಹಳ ಗೌರವದಿಂದ ವಿವರಿಸಿದರು. ಹಳೆಯ ಟೇಪು ಬೂಷ್ಟು ಹಿಡಿದು ಹಾಳಾಗುತ್ತಿತ್ತು. ಕೊಳೆ, ಗೊರಗೊರ ಎಲ್ಲ ತೆಗೆದಿದ್ದೇನೆ. ನಿಮ್ಮ ತಾಯಿಯ ದನಿ ಈಗ ಎದುರಿಗೆ ಕೂತು ಹಾಡಿದ ಹಾಗೆ ಕೇಳುತ್ತದೆ. ಇನ್ನೊಂದು ಗಳಿಗೆಯಲ್ಲಿ ಹಾಕುತ್ತೇವೆ ಎಂದರು.

"ಬೇಡ," ಎಂದಳು ಗುಡ್ಡದಾಕೆ.

ಬಯಲಿನ ಭಾಷೆ ಅವಳಿಗೆ ಬರುತ್ತಿತ್ತು. ಹೆಜ್ಜೆ ಊರಿ ಊರಿ ನಡೆದಂತೆ ಆಡುತ್ತಿದ್ದಳು. "ಅದು ಅವಳ ಹಾಡು. ಹಾಡಿ ಆಯ್ತು. ಹಾದಿ ಒಂದು ಸಲ ತೋರಿಸಬೇಕು. ಎರಡು ಸಲ ತೋರಿಸಿದ್ರೆ ಹೋಗೋರು ಯಾವುದಂತ ನಿಂತುಬಿಡ್ತಾರೆ."

ಪ್ರೊಫೆಸರ್ ಸಮಾಧಾನದಿಂದಲೇ ವಾದಿಸಿದರು. ಈ ಟೇಪನ್ನು ಜಲಾಶಯದ ವಿಚಾರಣೆಯ ಸಭಾಂಗಣದಲ್ಲಿ ಕೇಳಿಸಿದ್ದಾರೆ, ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಕೇಳಿಸಿದ್ದಾರೆ. ಆಗೆಲ್ಲ ಇಲ್ಲದ ಅಡ್ಡಿ ಇವತ್ತು ಯಾಕೆ?

"ಆಗ ಅವಳು ಇಲ್ಲಿದ್ದಳು. ಈಗ ಹೊರಟು ನಿಂತಿದ್ದಾಳೆ."

ಮಗಳು ಗುಡ್ಡದಾಕೆಯ ಎದುರು ಕೂತಳು. "ಹಾಗಾದ್ರೆ ನೀವೇ ಹಾಡಿ. ನಿಮ್ಮ ದನೀಲಿ."

"ಅವ್ವ ಹಾಡಿದ್ದನ್ನ ನಾನು ಹಾಡೋ ಹಾಗಿಲ್ಲ ಮಗಾ."

ಟೇಪೂ ಇಲ್ಲ, ಹಾಡೂ ಇಲ್ಲ. ಮಗಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ.

* * *

ವಿಚಾರಣೆಯ ಕತೆಯನ್ನು ಮಗಳು ಎಷ್ಟು ಸಲ ಕೇಳಿದ್ದಳೆಂದರೆ, ತಾನು ಹುಟ್ಟುವ ಮೊದಲೇ ಆದದ್ದಾದರೂ ಕಣ್ಣಾರೆ ಕಂಡಂತಿತ್ತು. ಪೇಟೆಗೆ ಕುಡಿಯುವ ನೀರಿಗಾಗಿ ಗುಡ್ಡದ ಕಣಿವೆಯಲ್ಲಿ ಜಲಾಶಯ ಎಂದು ಮಂಡಳಿ ಹೊರಟಾಗ, ಇಡೀ ಇಳಿಜಾರು ತನ್ನದೆಂದಿತು. ಗುಡ್ಡದವರ ಬಳಿ ಕಾಗದಪತ್ರ ಯಾವುದೂ ಇರಲಿಲ್ಲ. ಮಂಡಳಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಟೇಪಕ್ಕ ತನ್ನ ಮೇಲಧಿಕಾರಿಗಳ ಮುನಿಸು ಕಟ್ಟಿಕೊಂಡು, ಆ ಹಾಡೇ ಇವರ ದಾಖಲೆ ಎಂದಳು. ಹಾಡಿನಲ್ಲಿ ಬರುವ ಹಳ್ಳಗಳನ್ನೂ ಬಂಡೆಗಳನ್ನೂ ಮೋಜಣಿದಾರನ ನಕ್ಷೆಯೊಂದಿಗೆ ಹೋಲಿಸಿ ನೋಡಿ ಎಂದಳು.

ಅದಕ್ಕೆ ಮೊದಲು ಗುಡ್ಡಕ್ಕೆ ಹೋಗಿ ದೊಡ್ಡವ್ವನ ಅನುಮತಿ ಕೇಳಿದ್ದಳು. "ನನ್ನನ್ನ ಯಾಕೆ ಕೇಳ್ತೀಯ? ಅದು ನಿನ್ನದು. ಯಾರಿಗೆ ಬೇಕಾದ್ರೂ ಕೇಳಿಸು" ಎಂದಿದ್ದಳು ದೊಡ್ಡವ್ವ. ಇದನ್ನು ಟೇಪಕ್ಕ ಔದಾರ್ಯ ಎಂದುಕೊಂಡಳು.

ಸಭಾಂಗಣದಲ್ಲಿ ಟೇಪು ಓಡಿತು. ನಕ್ಷೆಯ ಮೇಲೆ ಮೋಜಣಿದಾರನ ಬೆರಳು ಹಳ್ಳದಿಂದ ಹಳ್ಳಕ್ಕೆ ಹೋಯಿತು, ಒಂದೂ ತಪ್ಪಲಿಲ್ಲ. ಹಾಡು ಎಲ್ಲಿಯವರೆಗೋ ಅಲ್ಲಿಯವರೆಗೆ ಇವರ ನೆಲ ಎಂದು ವಿಚಾರಣಾಧಿಕಾರಿ ಒಪ್ಪಿದರು. ಆಗ ಮಂಡಳಿಯ ವಕೀಲ ಎದ್ದು ಕೇಳಿದ: ಹಾಡು ಇಲ್ಲಿಗೇ ಮುಗಿಯುತ್ತದೆಯೇ, ಮುಂದೆಯೂ ಇದೆಯೇ? ಟೇಪಕ್ಕನೇ ಆ ಪ್ರಶ್ನೆಯನ್ನು ದೊಡ್ಡವ್ವನ ಭಾಷೆಗೆ ತಿರುಗಿಸಿದಳು. ದೊಡ್ಡವ್ವ ಅವಳನ್ನು ನೋಡಿ, "ಇಷ್ಟೇ" ಎಂದಳು.

ಮೇಲಿನ ಇಳಿಜಾರು ಉಳಿಯಿತು. ಹಾಡು ನಿಂತ ಓರೆ ಬಂಡೆಯಿಂದ ಆಚೆ, ಕೊನೆಯ ಹಳ್ಳದ ಕಣಿವೆ ಮಂಡಳಿಗೆ ಹೋಯಿತು. ಆ ಜನ ತಮ್ಮವರನ್ನು ಮಣ್ಣು ಮಾಡುತ್ತಿದ್ದ ಜಾಗ ಇದ್ದದ್ದು ಅಲ್ಲಿ. ಅದನ್ನು ಉಳಿಸಿ ಎಂದು ಟೇಪಕ್ಕ ಬೇರೆಯಾಗಿ ವರದಿ ಬರೆದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಅರ್ಧ ಗೆದ್ವಿ" ಎಂದು ಅವಳು ಕತೆ ಮುಗಿಸುತ್ತಿದ್ದಳು. ಆಮೇಲೆ ಲೋಟ ತೊಳೆಯಲು ಏಳುತ್ತಿದ್ದಳು.

ಇನ್ನೊಂದನ್ನು ಮಗಳು ಕಣ್ಣಾರೆ ಕಂಡಿದ್ದಳು. ಆಗ ಅವಳು ಶಾಲೆಯ ಹುಡುಗಿ. ದೊಡ್ಡವ್ವ ತೀರಿಕೊಂಡ ಸುದ್ದಿ ತಡವಾಗಿ ಬಂದು, ಅಮ್ಮನೂ ಮಗಳೂ ಗುಡ್ಡ ತಲುಪುವಾಗ ಎಲ್ಲ ಮುಗಿದು ಜನ ಊಟಕ್ಕೆ ಕೂರುತ್ತಿದ್ದರು. ಆ ಊರಿಗೆ ಹೋದಾಗಲೆಲ್ಲ ಅಮ್ಮನಿಗೆ ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದರು. ತಟ್ಟೆಯನ್ನು ಹೊಸ್ತಿಲ ಬಳಿ ಇಡುತ್ತಿದ್ದರು. ಅತಿಥಿಗೆ ಹೊಸ್ತಿಲಲ್ಲಿ ಮೊದಲ ತುತ್ತು, ಇದು ಈ ಜನರ ಮರ್ಯಾದೆ ಎಂದು ಅಮ್ಮ ತನ್ನ ಪುಸ್ತಕದಲ್ಲಿ ಬರೆದಿದ್ದಳು.

ಅಂದು ಹೊಸ್ತಿಲ ಬಳಿ ಎರಡು ತಟ್ಟೆಗಳಿದ್ದವು. ಒಂದೇ ಅಳತೆ, ಒಂದೇ ಅಡುಗೆ.

"ಇನ್ನೊಂದು ಯಾರಿಗಮ್ಮ?" ಎಂದು ಮಗಳು ಕೇಳಿದಳು.

ಉತ್ತರ ಕೊಟ್ಟವಳು ಗುಡ್ಡದಾಕೆ. "ಅವ್ವನಿಗೆ," ಎಂದಳು. ಸತ್ತು ಹೋದವರಿಗೆ ಮೊದಲು ಇಡಬೇಕು ಎಂದಳು.

ಅಮ್ಮ ನಿಂತೇ ಇದ್ದಳು. ಹೊಸ್ತಿಲಲ್ಲಿ ಮೊದಲ ತಟ್ಟೆ ಯಾರಿಗೆ ಎಂಬುದು ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಬಹಳ ಮೆಲ್ಲಗೆ ಕೇಳಿದಳು. "ನೀನು ಎಲ್ಲ ಕೇಳ್ತಿದ್ದೆ. ಇದನ್ನ ಕೇಳಲಿಲ್ಲ," ಎಂದಳು ಗುಡ್ಡದಾಕೆ. ಆ ಮಾತಿನಲ್ಲಿ ಕುಹಕವಿರಲಿಲ್ಲ.

ಅಮ್ಮ ಕೂತಳು. ದೊಡ್ಡವ್ವನ ತಟ್ಟೆಯ ಪಕ್ಕದಲ್ಲಿದ್ದ ತನ್ನ ತಟ್ಟೆಯನ್ನು ಎಳೆದುಕೊಂಡು, ಒಂದು ಅಗುಳೂ ಬಿಡದೆ ಉಂಡಳು. ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯ ಆಚೆ ನೋಡುತ್ತಿದ್ದಳು. ಪುಸ್ತಕದ ಮುಂದಿನ ಮುದ್ರಣದಲ್ಲಿ ಆ ಒಂದು ಸಾಲು ಇರಲಿಲ್ಲ. ಗುಡ್ಡಕ್ಕೆ ಹೋಗುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ಹೋದಾಗಲೆಲ್ಲ ಹೊಸ್ತಿಲಲ್ಲೇ ಕೂತು ಉಂಡಳು.

* * *

ಮಾವ ಅಡುಗೆಮನೆಗೆ ಬಂದರು. ಈ ಸಲ ದನಿ ನಿಜವಾಗಿಯೂ ತಗ್ಗಿತ್ತು.

"ನೋಡಮ್ಮಾ, ಅಕ್ಕನ ಟೇಪು, ಅಕ್ಕನ ಹಾಡು. ನಿನಗೆ ಹಾಕಬೇಕು ಅನ್ನಿಸಿದ್ರೆ ಹಾಕು. ಅವರು ಮುನಿಸ್ಕೊಂಡ್ರೆ ಮುನಿಸ್ಕೋತಾರೆ, ಬಸ್ಸು ಹತ್ತಿ ಹೋಗ್ತಾರೆ. ನಾಳೆಯಿಂದ ಈ ಮನೇಲಿ ಒಬ್ಬಳೇ ಇರೋಳು ನೀನು."

ಅದೂ ನಿಜವೇ. ಹೋಗಿ ಸ್ವಿಚ್ಚು ಒತ್ತಿದರೆ ಆಯಿತು. ಆ ದನಿ ಒಂದು ಸಲ ಕೇಳಿದರೆ ತಾನೂ ಅತ್ತು ಹಗುರಾಗಬಹುದು ಎಂದು ಅವಳಿಗೆ ಗೊತ್ತಿತ್ತು. ನಿನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ.

"ಅಮ್ಮ ಹಾಡಿ ಅಂದಿರ್ಲಿಲ್ಲ ಮಾವ," ಎಂದಳು. "ತಿಳಿಸಿ ಅಂದಿದ್ದಳು ಅಷ್ಟೇ."

ಮುಂದಿನ ಕೋಣೆಗೆ ಹೋಗಿ ಬೋರ್ಡಿನಿಂದ ಸ್ಪೀಕರಿನ ಪ್ಲಗ್ ಕಿತ್ತಳು. ಹಸಿರು ದೀಪ ಆರಿತು. "ಅವರು ಇಟ್ಟ ತಟ್ಟೇಲಿ ಅಮ್ಮ ಉಂಡಿದ್ದಾಳೆ ಸಾರ್," ಎಂದು ಪ್ರೊಫೆಸರಿಗೆ ಹೇಳಿದಳು. "ನನ್ನ ಕೈಲಿ ಇದು ಆಗಲ್ಲ."

ಪ್ರೊಫೆಸರ್ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಗುಡ್ಡದಾಕೆ ಆ ವೈರು ಸುತ್ತಿ ಮುಗಿಯುವವರೆಗೂ ಕಾದಳು. ಆಮೇಲೆ ಅವರ ಅಂಗಿಯ ಜೇಬಿನತ್ತ ಬೆರಳು ತೋರಿ, ಅದೂ ಕೇಳಿಸ್ಕೊಳ್ಳುತ್ತಾ ಎಂದು ಕೇಳಿದಳು. ಜೇಬಿನಲ್ಲಿ ಫೋನಿತ್ತು.

"ಬೇಕಂದ್ರೆ ಕೇಳಿಸ್ಕೊಳ್ಳುತ್ತೆ," ಎಂದರು ಪ್ರೊಫೆಸರ್.

"ಅವ್ವ ಒಂದು ಮಾತು ಹೇಳಿ ಹೋಗಿದ್ದಾಳೆ. ಉಳಿದದ್ದನ್ನ ಮಿಷನ್ನು ಇಲ್ಲದ ಕಡೆ ಹಾಡು ಅಂತ." ಅವಳು ಪೆಟ್ಟಿಗೆಯ ಕಡೆ ತಿರುಗಿ, ಅಲ್ಲಿ ಮಲಗಿದವಳಿಗೂ ಕೇಳಿಸಲಿ ಎಂಬಂತೆ ಹೇಳಿದಳು. "ಅವ್ವ ಇವಳಿಗೆ ಹಾಡು ಪೂರ್ತಿ ಹಾಡಿರಲಿಲ್ಲ. ಕೊನೆಯ ಹಳ್ಳ ದಾಟಿಸಿದ್ರೆ ಮುಗೀತು, ಆಮೇಲೆ ಬದುಕೋ ಹಾಗಿಲ್ಲ. ಚಿಕ್ಕ ಹುಡುಗಿ. ತಾಯಿಗೂ ಹೇಳದೆ ಬಂದು ಕೇಳಿದ್ದಳು. ಓರೆ ಬಂಡೆ ಹತ್ರ ತಂದು ನಿಲ್ಲಿಸಿಬಿಟ್ಟಳು ಅವ್ವ."

ಪ್ರೊಫೆಸರ್ ಮುಂದಕ್ಕೆ ಬಾಗಿದರು. "ಟೇಪು ಅಲ್ಲಿಗೆ ಮುಗಿದುಹೋಗಿತ್ತು. ಅವಳೇ ಪುಸ್ತಕದಲ್ಲಿ ಹಾಗಂತ ಬರೆದಿದ್ದಾಳೆ."

"ಮುಗಿದಿರ್ಲಿಲ್ಲ ಸಾರ್," ಎಂದಳು ಮಗಳು. "ಆಮೇಲೆ ಕಟ್ಟಿಗೆ ಸದ್ದು ಇದೆ, ನಾಯಿ ಇದೆ. ಅಮ್ಮ ಏನೋ ಕೇಳ್ತಾಳೆ. ದೊಡ್ಡವ್ವ ನಗ್ತಾಳೆ."

ಪ್ರೊಫೆಸರ್ ಆ ಗಲಾಟೆಯನ್ನೆಲ್ಲ ತಾವೇ ಕತ್ತರಿಸಿ ಶುದ್ಧ ಮಾಡಿದ್ದಾಗಿ ಹೇಳಿದರು.

ಗುಡ್ಡದಾಕೆಗೆ ಆ ಮಾತು ಅರ್ಥವಾಯಿತೋ ಇಲ್ಲವೋ. ಅವಳು ಮುಂದುವರಿದಳು. ಸಭೆಯಲ್ಲಿ ಆ ವಕೀಲ ಕೇಳಿದಾಗ ಊರಿನವರು ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಹಾಡು ಮುಂದೆ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಕೊನೆಯ ಹಳ್ಳ ಹಾಡಿದ್ದರೆ ಆ ಕಣಿವೆಯೂ ಉಳಿಯುತ್ತಿತ್ತು, ಹಿರಿಯರ ಮಣ್ಣೂ ಉಳಿಯುತ್ತಿತ್ತು. ಹಾಡಿಸಿಕೊಳ್ಳಬೇಕಾದವಳು ಎದುರಿಗೇ ನಿಂತು, ಮುಂದೆ ಇದೆಯಾ ಎಂದು ತಾನೇ ಕೇಳುತ್ತಿದ್ದಳು.

"ಯಾರೂ ಬಾಯಿ ಬಿಡಲಿಲ್ಲ," ಎಂದಳು ಗುಡ್ಡದಾಕೆ. "ಊರಿಗೆ ಬಂದ ಮೇಲೆ ಅವ್ವನ ಹತ್ರ ಜಗಳ ಆಡಿದರು. ಸಾಯೋವರೆಗೂ ಮಾತು ಬಿಟ್ಟವರಿದ್ದಾರೆ. ಅಲ್ಲಿ ಮಾತ್ರ ಯಾರೂ ಬಾಯಿ ಬಿಡಲಿಲ್ಲ."

"ಅಮ್ಮನಿಗೆ ಇದು ಗೊತ್ತಿತ್ತಾ?" ಎಂದು ಕೇಳಿದಳು ಮಗಳು.

"ಆಮೇಲೆ ನಮ್ಮ ಊರಲ್ಲಿ ಎಷ್ಟೋ ಹಾಡು ಕೇಳಿದಳಲ್ಲ, ಗೊತ್ತಾಗದೆ ಇರುತ್ತಾ. ಅವಳೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಹೇಳಿದ್ರೆ ಸಾಕ್ಷಿ ಸುಳ್ಳು ಅಂತ ಮೇಲಿನ ನೆಲಾನೂ ಕಿತ್ಕೋತಿದ್ರು."

ಪ್ರೊಫೆಸರ್ ಜೇಬಿನಿಂದ ಫೋನು ತೆಗೆದರು. ಆ ಹಾಡಿನ ಕೊನೆಯ ಭಾಗವನ್ನು ಈವರೆಗೆ ಯಾರೂ ದಾಖಲಿಸಿಲ್ಲ. ಗುಡ್ಡದಾಕೆಯ ನಂತರ ಹಾಡುವವರು ಇದ್ದಾರೋ ಇಲ್ಲವೋ. ಅವರು ಫೋನನ್ನು ಕೈಯಲ್ಲಿ ತಿರುಗಿಸುತ್ತ ಇದ್ದದ್ದನ್ನು ಮಗಳು ನೋಡಿದಳು. ಆಮೇಲೆ ಅವರು ಫೋನು ಆಫ್ ಮಾಡಿ, ಮಾವನ ಕೈಗೆ ಕೊಟ್ಟು, ಹೊರಗೆ ಗೇಟಿನ ಹತ್ತಿರ ಇಟ್ಟು ಬನ್ನಿ ಎಂದರು. ಮಾವ ಹೋಗಿ, ಅದನ್ನು ಕಾಂಪೌಂಡ್ ಗೋಡೆಯ ಮೇಲೆ, ಹೂಕುಂಡದ ಮರೆಯಲ್ಲಿಟ್ಟು ಬಂದರು.

"ನೀರು ಬೇಕು," ಎಂದಳು ಗುಡ್ಡದಾಕೆ. "ಕೊನೆಯ ಹಳ್ಳದ್ದು."

ಮಗಳು ಗಾಬರಿಯಾದಳು. ಆ ಹಳ್ಳ ಮುಳುಗಿ ಅವಳ ವಯಸ್ಸಿಗಿಂತ ಹೆಚ್ಚು ವರ್ಷವಾಗಿತ್ತು. ಏನು ಮಾಡಲು ತೋಚದೆ, ಬಂದವರಿಗೆಂದು ತರಿಸಿಟ್ಟಿದ್ದ ನೀರಿನ ಬಾಟಲಿ ಎತ್ತಿಕೊಂಡಳು. ಗುಡ್ಡದಾಕೆಯ ಮಗ ಬೇಡವೆಂದು ತಲೆಯಾಡಿಸಿ ಅಡುಗೆಮನೆಯ ಕಡೆ ಕೈ ತೋರಿಸಿದ.

"ನಲ್ಲೀದು ತನ್ನಿ," ಎಂದ. "ನಿಮ್ಮ ಬೀದಿಗೆ ಬರೋ ಪೈಪು ಆ ಹಳ್ಳದ ಕಡೆ ತೂಬಿಂದಾನೇ. ನೆನ್ನೆ ಸಂಜೆ ನಾನೇ ಬಿಟ್ಟು ಬಂದಿದ್ದು."

ಮಗಳು ನಲ್ಲಿ ತಿರುಗಿಸಿ ಅಮ್ಮನ ಲೋಟ ತುಂಬಿಸಿದಳು. ಪೆಟ್ಟಿಗೆಯ ಮುಚ್ಚಳ ತೆಗೆಸಿ, ಗುಡ್ಡದಾಕೆ ಕಾಲಿನ ಬದಿ ನಿಂತು ಬೊಗಸೆಗೆ ನೀರು ಹೊಯ್ಯಿಸಿಕೊಂಡಳು.

ಹಾಡು ಉದ್ದವಿರಲಿಲ್ಲ. ಆರಂಭವೆಂದು ಯಾವುದೂ ಇರಲಿಲ್ಲ. ಯಾರೋ ಅರ್ಧಕ್ಕೆ ಬಿಟ್ಟ ಮಾತನ್ನು ಎತ್ತಿಕೊಂಡಂತೆ ಹೊರಟಿತು. ಮಗಳಿಗೆ ಮಾತು ತಿಳಿಯಲಿಲ್ಲ, ಜಾಗ ತಿಳಿಯಿತು. ಟೇಪಿನ ದನಿ ನಿಲ್ಲುತ್ತಿದ್ದದ್ದು ಇಲ್ಲಿ. ಅವಳ ಮೈ ಹಳೆಯ ಅಭ್ಯಾಸಕ್ಕೆ ಕಟ್ಟಿಗೆಯ ಸದ್ದಿಗೆ, ನಾಯಿಗೆ, ಆ ನಗುವಿಗೆ ಕಾದಿತು. ನಗು ಬರಲಿಲ್ಲ. ದನಿ ಮುಂದಕ್ಕೆ ಹೋಗಿ, ಒಂದೊಂದೇ ಕಲ್ಲು ನೋಡಿಕೊಂಡು ನೀರಿಗಿಳಿಯುವವರಂತೆ ತಗ್ಗಿತು. ಗುಡ್ಡದಾಕೆ ಬೊಗಸೆ ಬಿಚ್ಚಿದಳು. ನೀರು ಟೇಪಕ್ಕನ ಪಾದದ ಮೇಲೆ ಬಿದ್ದು ಬೆರಳುಗಳ ಸಂದಿಯಲ್ಲಿ ಇಳಿಯಿತು. ಮಗಳಿಗೆ ಅಳು ಬಂದದ್ದು ಆಗ.

ಹಾಡು ನಿಂತದ್ದೇ ಗುಡ್ಡದಾಕೆ ಪೆಟ್ಟಿಗೆಗೆ ಬೆನ್ನು ತಿರುಗಿಸಿದಳು. ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿದಳು. ಚಪ್ಪಲಿಯ ಪಕ್ಕದಿಂದಲೇ ಹೋಗಿ, ಅದನ್ನು ಮೆಟ್ಟದೆ, ಗೇಟು ತೆರೆದು ಬೀದಿಗಿಳಿದಳು.

ಮಗಳು ಹಿಂದೆಯೇ ಹೊರಟಳು. ಕೂಗಲು ಬಾಯಿ ತೆರೆದಿದ್ದಳು. ಗುಡ್ಡದಾಕೆಯ ಮಗ ಮೊಣಕೈ ಹಿಡಿದ.

"ಕರೀಬೇಡಿ. ಅವ್ವ ತಿರುಗಿದ್ರೆ ಟೇಪಕ್ಕನೂ ತಿರುಗ್ತಾಳೆ."

ಅವನು ಬಾಗಿ ತಾಯಿಯ ಚಪ್ಪಲಿ ಎತ್ತಿಕೊಂಡು, ಒಂದಿಷ್ಟು ದೂರ ಬಿಟ್ಟು ಹಿಂದೆ ನಡೆದ.

ಶವದ ವ್ಯಾನು ಬಂದು, ಪೀಂಪೀಂ ಎನ್ನುತ್ತ ಹಿಮ್ಮುಖವಾಗಿ ಗೇಟಿನೊಳಕ್ಕೆ ಸರಿಯತೊಡಗಿತು. ಮಾವ ಬಾಳೆಲ್ಲ ಬಸ್ಸಿಗೆ ಮಾಡಿದಂತೆ ಅದರ ಮೈ ತಟ್ಟುತ್ತ, ಬರ್ಲಿ ಬರ್ಲಿ ಎನ್ನುತ್ತಿದ್ದರು, ದನಿ ಒಡೆದಿತ್ತು. ಆ ಸದ್ದಿಗೆ ಅಕ್ಕಪಕ್ಕದ ಮನೆಯವರೆಲ್ಲ ಕಿಟಕಿಗೆ ಬಂದರು. ಎದುರಿನ ಅಂಗಡಿಯವನು ತಿರುಗಿ ನೋಡಿದ.

ಮಗಳು ಗೇಟಿನಲ್ಲಿ ನಿಂತು ಬೀದಿಯ ಕೊನೆಯತ್ತ ನೋಡಿದಳು. ನಿಲ್ದಾಣದಲ್ಲಿ ನೆರಳಿರಲಿಲ್ಲ, ಬಸ್ಸೂ ಇರಲಿಲ್ಲ. ಮಗ ನಾಲ್ಕು ಮಾರು ಹಿಂದೆ, ಚಪ್ಪಲಿಯ ಜೋಡಿಯನ್ನು ಎದೆಗೆ ಹಿಡಿದು ನಿಂತಿದ್ದ. ಬಿಸಿಲಿಗೆ ಟಾರು ಕಾದಿತ್ತು. ಗುಡ್ಡದಾಕೆ ಒಂದು ಪಾದ ಎತ್ತಿ ಇನ್ನೊಂದರ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅದನ್ನು ಇಳಿಸಿ ಇದನ್ನು ಎತ್ತಿದಳು. ಮುಖ ಮಾತ್ರ ರಸ್ತೆಯ ಆ ತುದಿಗೇ ಇತ್ತು.